ಟಿಪ್ಪರ್ ಬಾರದ ಬೀದಿಯ ಹುರುಳಿ

"ಈ ಬೀದೀಲಿ ಇನ್ಮೇಲೆ ಕಾಲಿಗೂ ಸೈಕಲ್ಲಿಗೂ ಮಾತ್ರ ರಾಜ್ಯಭಾರ. ಭೀಮರಾಜ ಹೇಳ್ತಾವ್ನೆ, ಬೇಕಾದ್ರೆ ಬರ್ಕಳಿ!"

ಕಣಕಟ್ಟೆಯ ಹಾಲಿನ ಡೈರಿ ಸೆಕ್ರೆಟರಿ ಭೀಮರಾಜ ಹೀಗೆ ಘೋಷಿಸಿದಾಗ ಎದುರಿಗಿದ್ದ ಮಹಾಸಭೆಯೆಂದರೆ ಹೆಂಡತಿ ಸುಮಿತ್ರಮ್ಮ, ಮಗಳು ಮೇಘಶ್ರೀ ಮತ್ತು ಮೆಲುಕು ಹಾಕುತ್ತಿದ್ದ ಒಂದು ಎಮ್ಮೆ. ಬರೆದುಕೊಳ್ಳಲು ಯಾರೂ ಏಳಲಿಲ್ಲ.

ಅವನ ಸಿಟ್ಟಿಗೆ ಕಾರಣವಿತ್ತು. ಆ ವಾರವೇ ಜಲ್ಲಿ ತುಂಬಿದ ಟಿಪ್ಪರೊಂದು ಮೇಘಶ್ರೀಯ ಸೈಕಲ್ಲನ್ನು ಸವರಿಕೊಂಡು ಹೋಗಿ, ಒಂಬತ್ತನೇ ಕ್ಲಾಸಿನ ಹುಡುಗಿ ಪುಸ್ತಕದ ಸಮೇತ ಚರಂಡಿ ಸೇರಿದ್ದಳು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಸುಮಿತ್ರಮ್ಮ ಅವತ್ತೇ ಸೈಕಲ್ಲಿಗೆ ಬೀಗ ಜಡಿದು ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಟಿಪ್ಪರ್ ನಿಲ್ಲಿಸಿದ್ರೆ ಕೀ ಕೊಡ್ತೀಯಾ?"

"ಮೊದ್ಲು ನಿಲ್ಸಿ, ನೋಡುವಾ."

ಭೀಮರಾಜ ನಿಲ್ಲಿಸಿಯೇಬಿಟ್ಟ. ಬೀದಿಯವರಿಂದೆಲ್ಲ ಸಹಿ ಹಾಕಿಸಿಕೊಂಡು, ಶನಿವಾರ ಸಂಜೆ ಎರಡೂ ತುದಿಗೆ ಮಣ್ಣು ತುಂಬಿದ ಡಾಂಬರು ಡ್ರಮ್ಮುಗಳನ್ನಿಟ್ಟು ಸುಣ್ಣ ಬಳಿದ. ನಡುವೆ ಒಂದು ಸೈಕಲ್ ನುಸುಳುವಷ್ಟು ಸಂದು. ಟಿಪ್ಪರ್ ಓಡಿಸುವ ಚನ್ನೇಶ ಅದೇ ಊರಿನವನು. ಹಾರ್ನ್ ಹೊಡೆದ, ಕೂಗಾಡಿದ, ಕೊನೆಗೆ ಸಂತೆಮಾಳದ ಹಿಂದಿನ ರಸ್ತೆಗೆ ತಿರುಗಿಸಿಕೊಂಡು ಹೋದ. ಡ್ರಮ್ಮಿನ ಮೇಲೆ ಕೈಯಿಟ್ಟು ನಿಂತ ಭೀಮರಾಜನಿಗೆ ವೀರಗಲ್ಲು ಕೆತ್ತಿಸುವುದೊಂದೇ ಬಾಕಿ.

ಭಾನುವಾರ ಡೈರಿ ಕೆಲಸ ಮುಗಿಸಿ ಹತ್ತು ಗಂಟೆಗೆ ಮನೆಗೆ ಬಂದರೆ ಬೀದಿಯಲ್ಲಿ ಏನು ಶಾಂತಿ, ಏನು ನೆಮ್ಮದಿ! ನಟ್ಟನಡುವೆ ಸುಮಿತ್ರಮ್ಮ ಮೊರ ಹಿಡಿದು ನಿಂತಿದ್ದಳು.

"ಬೆಳಗಿಂದ ಒಂದು ಗಾಡೀನೂ ಬಂದಿಲ್ಲ."

"ಹೆಂಗೆ ಬತ್ತೈತೆ? ನಾನು ನಿಲ್ಸಿಲ್ವಾ?" ಎಂದು ಎದೆಯುಬ್ಬಿಸಿದವನು ಕಾಲ ಕೆಳಗೆ ನೋಡಿ ತಣ್ಣಗಾದ.

ಬೀದಿಯುದ್ದಕ್ಕೂ ಹುರುಳಿ ಗಿಡ ಹಾಸಿತ್ತು. ಆ ಕೇರಿಯಲ್ಲಿ ಕಣ ಮಾಡಿ ಒಕ್ಕುವುದು ಬಿಟ್ಟು ಹತ್ತು ವರ್ಷವಾಗಿತ್ತು. ಬೆಳಗಿನ ಜಾವ ಗಿಡವನ್ನು ಡಾಂಬರು ರಸ್ತೆಗೆ ಹರಡಿದರೆ ಮುಗಿಯಿತು. ಟಿಪ್ಪರು, ಟ್ರ್ಯಾಕ್ಟರುಗಳು ಮೇಲೆ ಓಡಾಡಿ ಮಧ್ಯಾಹ್ನದೊಳಗೆ ಕಾಳು ಬಿಡಿಸಿಕೊಡುತ್ತಿದ್ದವು. ಈ ವರ್ಷವೂ ರೂಢಿಯಂತೆ ಹರಡಿಯಾಗಿತ್ತು. ಡೈರಿಗೆ ಹೋಗುವ ಮೊದಲು ಅದಕ್ಕೆ ಹೊರೆ ಹೊತ್ತು ತಂದು ಹಾಕಿದವನು ಸ್ವತಃ ಭೀಮರಾಜ!

"ಮೂಡ್ಲಾಗೆ ಮೋಡ ಕಟ್ಟೈತೆ. ನೆಂದ್ರೆ ವರ್ಷದ ಹುರುಳಿ ಮಣ್ಣುಪಾಲು. ಸಂಜೆಯೊಳಗೆ ಕಾಳು ಚೀಲಕ್ಕೆ ಬೀಳ್ಬೇಕು. ಇಲ್ದಿದ್ರೆ ನಾನೇ ಡ್ರಮ್ ಉರುಳಿಸ್ತೀನಿ, ನೀವು ಸೈಕಲ್ ಕೀ ಮರ್ತುಬಿಡಿ," ಎಂದಳು ಸುಮಿತ್ರಮ್ಮ.

ಅಷ್ಟರಲ್ಲಿ ಚನ್ನೇಶ ಡ್ರಮ್ಮಿನಾಚೆ ಟಿಪ್ಪರ್ ತಂದು ನಿಲ್ಲಿಸಿ ಹಲ್ಲು ಕಿರಿಯುತ್ತಿದ್ದ. "ಸೆಕ್ರೆಟ್ರಿ, ಒಂಚೂರು ಸರ್ಸಿ. ನಾಲ್ಕೇ ರೌಂಡು, ನುಣ್ಣಗೆ ಮಾಡ್ಕೊಡ್ತೀನಿ."

ಭೀಮರಾಜನ ಕೈ ಡ್ರಮ್ಮಿನ ತನಕ ಹೋಯಿತು. ಜಗಲಿಯ ಮೇಲೆ ಮೇಘಶ್ರೀ ಹಕ್ಕಳೆಗಟ್ಟಿದ ಮೊಣಕೈ ಹಿಡಿದುಕೊಂಡು ಅಪ್ಪನನ್ನೇ ನೋಡುತ್ತಿದ್ದಳು. ಕೈ ಹಿಂದಕ್ಕೆ ಬಂತು.

"ನನ್ನ ಹುರುಳಿ ನಾನು ತುಳ್ಕತೀನಿ. ನೀನು ಸುತ್ತಾಕ್ಕಂಡು ಹೋಗಯ್ಯಾ."

ತನ್ನ ಹಳೇ ಸೈಕಲ್ ತೆಗೆದ. ಭಾರ ಸಾಲದೆಂದು ಎರಡು ಹಾಲಿನ ಕ್ಯಾನಿಗೆ ಜಲ್ಲಿ ತುಂಬಿ ಅತ್ತ ಒಂದು, ಇತ್ತ ಒಂದು ತೂಗುಹಾಕಿದ. ಮೊದಲ ಸುತ್ತು ಅಂಬಾರಿಯಂತೆ ಸಾಗಿತು. ಎರಡನೇ ಸುತ್ತಿಗೆ ಕಾಳು ಉದುರತೊಡಗಿತು. ಉದುರಿದ ಹುರುಳಿ ಟೈರಿನಡಿ ಉರುಳದೆ ಇರುತ್ತದೆಯೇ? ಸೈಕಲ್ ಒಂದು ಕಡೆ, ಸೆಕ್ರೆಟರಿ ಇನ್ನೊಂದು ಕಡೆ, ಜಲ್ಲಿ ಎಲ್ಲಾ ಕಡೆ. ಸುರಕ್ಷಿತ ಬೀದಿಯ ಮೊದಲ ಅಪಘಾತ ಅದರ ಸಂಸ್ಥಾಪಕನ ಹೆಸರಿಗೇ ದಾಖಲಾಯಿತು.

"ಹಾಲಿಗೆ ನೀರು ಬೆರೆಸೋರ್ನ ಹಿಡಿಯೋ ಸೆಕ್ರೆಟ್ರಿ, ಹುರುಳಿಗೆ ಕಲ್ಲು ಬೆರೆಸ್ತಾವ್ರೆ!" ಎಂದು ಚನ್ನೇಶ ಊರಿಗೆಲ್ಲ ಕೇಳುವಂತೆ ಕೂಗಿದ.

ಭೀಮರಾಜ ಎದ್ದ. ಮತ್ತೆ ಹತ್ತಿದ. ಮತ್ತೆ ಬಿದ್ದ. ನಾಲ್ಕನೇ ಸಲ ಬಿದ್ದಾಗ ಸುಮಿತ್ರಮ್ಮ ಮೊರ ಕೆಳಗಿಟ್ಟಳು. ಸೊಂಟದ ಕೀ ತೆಗೆದು ಮಗಳ ಕೈಗೆ ಹಾಕಿದಳು.

"ಹೋಗು, ನಿನ್ನ ಗೆಳತೀರ್ನೂ ಕರ್ಕಂಬಾ. ನಿಮ್ಮಪ್ಪ ಒಬ್ರೇ ಬಿದ್ರೆ ಇದು ಮುಗಿಯಾಕಿಲ್ಲ."

ಹತ್ತು ಹುಡುಗಿಯರು ಸೈಕಲ್ ತಂದರು. ಕೇರಿಯ ಹೆಂಗಸರು ಕಾಲಲ್ಲಿ ತುಳಿದರು, ದೊಣ್ಣೆಯಲ್ಲಿ ಬಡಿದರು. ಹೊತ್ತು ಮುಳುಗುವ ಮೊದಲೇ ಕಾಳು ಚೀಲ ಸೇರಿತು. ಅಷ್ಟೆಲ್ಲ ಹೆದರಿಸಿದ ಮೋಡ ಒಂದು ಹನಿಯನ್ನೂ ಉದುರಿಸದೆ ತಿಪಟೂರಿನ ಕಡೆ ಹೊರಟುಹೋಯಿತು. ಸುಮಿತ್ರಮ್ಮ ಜಲ್ಲಿ ಆರಿಸಿ ಹೊಸ ಹುರುಳಿಯ ಸಾರು ಕುದಿಸಿದಳು. ತುಳಿದವರ ಮನೆಗೆಲ್ಲ ಒಂದೊಂದು ಬಟ್ಟಲು ಹೋಯಿತು. ದೊಣ್ಣೆ ಹಿಡಿದು ಬಂದಿದ್ದ ಚನ್ನೇಶನ ತಾಯಿಗೂ ಒಂದು.

ಸೋಮವಾರ ಬೆಳಿಗ್ಗೆ ಮೇಘಶ್ರೀ ಬೆಲ್ ಬಾರಿಸುತ್ತಾ ಸ್ಕೂಲಿಗೆ ಹೋದಳು. ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡ ಭೀಮರಾಜ, ಗೆದ್ದವನ ಗತ್ತಿನಲ್ಲಿ ಕುಂಟುತ್ತಾ ಹೊರಗೆ ಬಂದ. ಡ್ರಮ್ಮಿನ ಹತ್ತಿರ ಹುರುಳಿ ಹೊರೆ ಇಟ್ಟುಕೊಂಡು ಏಳೆಂಟು ಜನ ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ, ತಲೆಯ ಮೇಲೆ ಹೊರೆ ಹೊತ್ತವನು ಚನ್ನೇಶ.

"ಡ್ರಮ್ ಅಲ್ಲೇ ಇರ್ಲಿ ಸೆಕ್ರೆಟ್ರಿ, ಯಾರೂ ಮುಟ್ಟಾಕಿಲ್ಲ," ಎಂದ ವಿನಯದಿಂದ. "ಟಿಪ್ಪರ್ ತುಳಿದ ಹುರುಳೀಲಿ ಡೀಸೆಲ್ ವಾಸ್ನೆ ಬತ್ತೈತಂತೆ. ಸೆಕ್ರೆಟ್ರಿ ತುಳಿದಿದ್ದೇ ಬೇಕು ಅಂತ ಹಟ ಹಿಡಿದವ್ಳೆ ನಮ್ಮವ್ವ. ಸೈಕಲ್ ಎಷ್ಟೊತ್ತಿಗೆ ತೆಗೀತೀರಾ?"