ಮಹಡಿಗೆ ಎರಡು ಕೆಮ್ಮು

ಹೊಸಹಳ್ಳಿಯ ಬೋರಮ್ಮ ರೆಸಿಡೆನ್ಸಿಯ ಮೆಟ್ಟಿಲ ಬದಿಯ ಗಾಜುಗಳು ಒಟ್ಟು ಹದಿನಾರು ಎಂಬುದನ್ನು ನಿವಾಸಿಗಳ ಸಂಘವು ಸರ್ವಾನುಮತದಿಂದ ಒಪ್ಪಿಕೊಂಡಿದೆ. ಅವುಗಳನ್ನು ಒರೆಸುವವರು ಬಾಪೂಜಿ ನಗರದಿಂದ ಬರುವ ಅಂಜನಮ್ಮ. ಒರೆಸುವ ನೀಲಿ ದ್ರಾವಣ ಬರುವುದು ಸಂಘದ ಅಧ್ಯಕ್ಷ ಕಾಂತರಾಜು ಅವರ ಅಂಗಡಿಯಿಂದ. ಇದು ಕೇವಲ ಕಾಕತಾಳೀಯವೆಂದು ನಡಾವಳಿ ಪುಸ್ತಕದಲ್ಲಿ ಎರಡು ಕಡೆ ದಾಖಲಾಗಿದೆ.

ಆ ದ್ರಾವಣದ ಘಾಟಿಗೆ ಅಂಜನಮ್ಮನಿಗೆ ಕೆಮ್ಮು ಹತ್ತುತ್ತಿತ್ತು. ಮನೆಗೆ ಹೋದ ಮೇಲೂ ಬಿಡುತ್ತಿರಲಿಲ್ಲ. ಒಂದು ದಿನ ಅಧ್ಯಕ್ಷರ ಮುಂದೆ ನಿಂತರು.

“ಸಾರ್, ಮನೇಲಿ ನೀರಿಗೆ ಒಂಚೂರು ವಿನೆಗರ್ ಹಾಕ್ಕೊಂಡು ಬರ್ತೀನಿ. ಹಳೇ ಪೇಪರಲ್ಲಿ ಉಜ್ಜಿದ್ರೆ ಸಾಕು. ಈ ನೀಲಿದು ಇನ್ನು ನನ್ನ ಕೈಲಾಗಲ್ಲ.”

ತುರ್ತು ಸಭೆ ಸೇರಿತು. ಮನೆಯಲ್ಲಿ ತಯಾರಿಸಿದ್ದಕ್ಕೆ ಅಭ್ಯಂತರವಿಲ್ಲ, ಆದರೆ ಸದರಿ ಮನೆ ಸ್ವಂತದ್ದಾಗಿರತಕ್ಕದ್ದು ಎಂದು ನಿಯಮವಾಯಿತು. ಅಂಜನಮ್ಮನದು ಬಾಡಿಗೆ ಮನೆ. ಖಾತೆ ಇಲ್ಲದವರು ಮನೆಯಲ್ಲಿ ಏನು ಮಾಡಿದರೂ ಅದು ಬೇರೆಯವರ ಮನೆಯಲ್ಲಿ ಮಾಡಿದಂತೆಯೇ ಎಂದು ಕಾರ್ಯದರ್ಶಿ ಗುರುಬಸಪ್ಪ ವಿವರಿಸಿದರು. ಅವರು ನಿವೃತ್ತ ಗುಮಾಸ್ತರು, ಅವರ ಮಾತಿಗೆ ತೂಕವಿದೆ.

ಕೊನೆಗೆ ಅಧ್ಯಕ್ಷರ ತಾಯಿ, ನಾಲ್ಕನೇ ಮಹಡಿಯ ಬೋರಮ್ಮನವರು ತಮ್ಮ ಅಡುಗೆಮನೆ ಬಿಟ್ಟುಕೊಟ್ಟರು. ಅಲ್ಲಿ ನಿಂತು ಅಂಜನಮ್ಮನೇ ಬೆರೆಸಿದ ನೀರಿಗೆ ‘ಮನೆಯಲ್ಲಿ ತಯಾರಿಸಿದ್ದು’ ಎಂಬ ಮಾನ್ಯತೆ ಸಿಕ್ಕಿತು. ವಿನೆಗರ್ ಮಾತ್ರ ಅಧ್ಯಕ್ಷರ ಅಂಗಡಿಯದೇ ಆಗಿರಬೇಕೆಂಬುದು ಒಂದು ಸಣ್ಣ ಷರತ್ತು.

ಗಾಜು ಹೊಳೆಯಿತು, ಕೆಮ್ಮು ನಿಂತಿತು. ಮೂರನೇ ದಿನ ದೂರುಗಳು ಬಂದವು. ಬಾಗಿಲು ಹಾಕಿಕೊಂಡು ಟಿವಿ ನೋಡುವ ನಿವಾಸಿಗಳು ಇಷ್ಟು ವರ್ಷ ಕೆಮ್ಮು ಕೇಳಿಯೇ ಗಾಜು ಒರೆಸಿದ್ದಾರೆಂದು ತಿಳಿಯುತ್ತಿದ್ದರು. ಈಗ ಕೆಮ್ಮಿಲ್ಲ, ಆದ್ದರಿಂದ ಕೆಲಸವೂ ಆಗಿಲ್ಲ. ಗಾಜು ತೋರಿಸಿದರೆ, ಬಿಸಿಲಿಗೆ ಹಾಗೆ ಕಾಣುತ್ತಿರಬಹುದು ಎಂದರು. ನೀಲಿ ದ್ರಾವಣವನ್ನೇ ಮರಳಿ ತರಬೇಕೆಂಬ ಅರ್ಜಿಗೆ ಹನ್ನೊಂದು ಸಹಿ ಬಿದ್ದವು.

ಸುದ್ದಿ ಕೇಳಿದ ಅಂಜನಮ್ಮ ನೇರವಾಗಿ ಸಭೆಗೇ ಬಂದರು.

“ನಿಮಗೆ ಕೆಮ್ಮು ತಾನೇ ಬೇಕು ಸಾರ್? ಕೆಮ್ತೀನಿ ಬಿಡಿ.”

ಮಾರನೇ ದಿನ ಲಿಫ್ಟ್ ಪಕ್ಕ ಪ್ರಕಟಣೆ ಅಂಟಿತು: ‘ಗಾಜು ಒರೆಸುವವರು ಪ್ರತಿ ಮಹಡಿಯಲ್ಲಿ ಎರಡು ಬಾರಿ, ನಿವಾಸಿಗಳಿಗೆ ಕೇಳಿಸುವಂತೆ ಕೆಮ್ಮತಕ್ಕದ್ದು. ಭಾನುವಾರ ವಿನಾಯಿತಿ ಇದೆ.’

ಅಂದಿನಿಂದ ಎಲ್ಲರಿಗೂ ನೆಮ್ಮದಿ. ಕಳೆದ ವಾರ ಅಂಜನಮ್ಮ ಎರಡು ದಿನ ರಜೆ ಕೇಳಿ, ಬದಲಿಗೆ ತಂಗಿ ವರಲಕ್ಷ್ಮಿಯನ್ನು ಕರೆತಂದರು. ಗಾಜು ಒರೆಸಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ.

“ಎಲ್ಲಿ, ಒಂದ್ಸಲ ಕೆಮ್ಮಮ್ಮ, ನೋಡೋಣ” ಅಂದರು ಗುರುಬಸಪ್ಪ.

ವರಲಕ್ಷ್ಮಿ ಕೆಮ್ಮಿದಳು. ಕೇಳಿಸಿತು ಎಂದು ನಾಲ್ಕನೇ ಮಹಡಿಯಿಂದ ಬೋರಮ್ಮನವರು ದೃಢಪಡಿಸಿದರು.