ದವಡೆ ಹಲ್ಲಿನ ಗಿಟಾರ್

ಗಿಟಾರ್ ಎಂದರೆ ಸೊಂಟವಿರುವ ಮರದ ಡಬ್ಬಿ ಎಂದು ತಿಳಿದವರನ್ನು ಕಂಡರೆ ನಮ್ಮ ಹಲ್ಲಿನ ಡಾಕ್ಟರಿಗೆ ಅಪಾರ ಮರುಕ. ಜಗತ್ತು ಎಲ್ಲಿಗೆ ಹೋಗಿ ಮುಟ್ಟಿದೆ, ಈ ಜನ ಇನ್ನೂ ಸೊಂಟದಲ್ಲೇ ನಿಂತಿದ್ದಾರಲ್ಲ ಎಂದು. ಬಾಯಿಗೆ ಹತ್ತಿ ತುರುಕಿಸಿಕೊಂಡು ಅಂಗಾತ ಮಲಗಿದ ರೋಗಿಗಳಿಗೆ ಈ ವಿಷಯವಾಗಿ ಅವರು ದಿನವೂ ಉಪನ್ಯಾಸ ಕೊಡುತ್ತಿದ್ದರು. ಎದುರು ಮಾತಾಡದ ಶ್ರೋತೃಗಳು ಇಷ್ಟು ಸಲೀಸಾಗಿ ಇನ್ಯಾವ ವೃತ್ತಿಯಲ್ಲಿ ಸಿಗುತ್ತಾರೆ? (ಮನೆಯಲ್ಲಂತೂ ಸಿಗುತ್ತಿರಲಿಲ್ಲ.)

ಮನೆಯಲ್ಲಿದ್ದವರು ಅವರ ಧರ್ಮಪತ್ನಿ. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಊರಿಗೆಲ್ಲ ಹೆಡ್‌ಮಿಸ್, ಡಾಕ್ಟರಿಗೂ ಅವರೇ ಹೆಡ್ಡು. ಡಾಕ್ಟರು ಮೊದಲು ತರಿಸಿದ್ದು ತುದಿಯಲ್ಲಿ ಬಿರಡೆಗಳ ಪಟ್ಟಿಯೇ ಇಲ್ಲದ, ತಲೆ ಕತ್ತರಿಸಿದಂಥ ಗಿಟಾರ್. ಹೆಡ್‌ಮಿಸ್ ಅದನ್ನು ಮೇಲಿಂದ ಕೆಳಗೆ ನೋಡಿ, "ತಲೆ ಇಲ್ಲದ್ದು ಮನೇಲಿ ಒಂದು ಇತ್ತಲ್ಲ, ಇನ್ನೊಂದು ಯಾಕೆ ಬೇಕಿತ್ತು?" ಎಂದು ಕೇಳಿದರು. ಆಮೇಲೆ ಬಂದದ್ದು ಎರಡು ಕತ್ತಿನದು. "ಎರಡಿರಲಿ, ಹತ್ತಿರಲಿ. ಒಂದನ್ನಾದ್ರೂ ಪೂರ್ತಿ ಕಲೀತೀರಾ?" ಎಂದರು. ಬ್ಯಾಗಿನೊಳಗೆ ಮಡಚಿಡುವ ಗಿಟಾರ್ ಬಂದ ದಿನ ಅವರೇನೂ ಅನ್ನಲಿಲ್ಲ. ಅದನ್ನು ಬಿಚ್ಚಲು ಹೋಗಿ ಡಾಕ್ಟರ ಹೆಬ್ಬೆರಳು ಕೀಲಿಗೆ ಸಿಕ್ಕಿಕೊಂಡಿತ್ತು; ಅನ್ನಬೇಕಾದ್ದನ್ನೆಲ್ಲ ಗಿಟಾರೇ ಅಂದು ಮುಗಿಸಿತ್ತು.

ಇಷ್ಟಾಗಿ ಡಾಕ್ಟರಿಗೆ ಬರುತ್ತಿದ್ದದ್ದು ನಾಲ್ಕೇ ಕಾರ್ಡ್. ಕಾರ್ಡ್ ಅಂದರೆ ಹಲವು ತಂತಿಗಳನ್ನು ಒಟ್ಟಿಗೆ ಅದುಮಿ ಹಿಡಿಯುವ ಪಟ್ಟು. ಅದರಲ್ಲೂ ನಾಲ್ಕನೆಯದು ಮನಸ್ಸು ಬಂದಾಗ ಮಾತ್ರ ಬರುತ್ತಿತ್ತು.

ಹೀಗಿರುವಾಗ ಒಂದು ದಿನ ಹೆಡ್‌ಮಿಸ್ ಊಟದ ಮೇಜಿನ ಬಳಿ ಘೋಷಿಸಿದರು. "ಅಮ್ಮಂಗೆ ಮಂಡಿ ಆಪರೇಷನ್ ಆಯ್ತಲ್ಲ, ಡಿಸ್ಚಾರ್ಜ್ ಆದ್ಮೇಲೆ ಇಲ್ಲಿಗೇ ಕರ್ಕೊಂಡು ಬರ್ತೀನಿ. ಅವರಿಗೆ ಆ ಕೋಣೆ ಬೇಕು."

"ಯಾವ ಕೋಣೆ?" ಎಂದು ಡಾಕ್ಟರು ಕೇಳಿದರು. ಯಾವುದೆಂದು ಅವರಿಗೆ ಗೊತ್ತಿತ್ತು. ಕೇಳಿ ನೋಡೋಣ ಎಂದಷ್ಟೇ.

"ನಿಮ್ಮ ಗಿಟಾರ್‌ಗಳೆಲ್ಲ ಕಾಲು ಚಾಚ್ಕೊಂಡು ಮಲಗಿವೆಯಲ್ಲ, ಅದೇ. ಒಂದು ಇಟ್ಕೊಳ್ಳಿ, ಉಳಿದಿದ್ದೆಲ್ಲ ಮಾರಿ. ಇನ್ಮೇಲೆ ಹೊಸ ಗಿಟಾರ್ ಈ ಹೊಸಲು ದಾಟಬಾರದು. ಒಪ್ಪಿಗೆನಾ?"

ಡಾಕ್ಟರು ಒಪ್ಪಿದರು. ಸೊಂಟವಿರುವ, ಸಾಧಾರಣವಾದ, ಅವರ ಮದುವೆಗಿಂತಲೂ ಹಳೆಯದಾದ ಒಂದು ಗಿಟಾರ್ ಉಳಿಯಿತು. ಜೊತೆಗೆ ಮೈಕು, ಸ್ಪೀಕರು ಎರಡೂ ಒಳಗೇ ಇರುವ ಲೂಪರ್ ಎಂಬ ಪುಟ್ಟ ಪೆಟ್ಟಿಗೆಯೊಂದು ಉಳಿಯಿತು. ಕಾಲಲ್ಲಿ ಒಮ್ಮೆ ಒತ್ತಿದರೆ ನುಡಿಸಿದ್ದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮತ್ತೆ ಒತ್ತಿದರೆ ಅದನ್ನೇ, ಸಾಕು ಅನ್ನುವವರೆಗೂ, ತಿರುಗಾ ಮುರುಗಾ ನುಡಿಸುತ್ತಲೇ ಇರುತ್ತದೆ. "ಇದು ಗಿಟಾರ್ ಅಲ್ಲ, ಉಪಕರಣ" ಎಂದು ವಾದಿಸಿ ಡಾಕ್ಟರು ಅದನ್ನು ಬಚಾವು ಮಾಡಿಕೊಂಡರು. ಈ ಎರಡರ ಪರಿವಾರ ಸಮೇತ ಅವರ ಸಂಗೀತದ ವಾಸ್ತವ್ಯ ಮಹಡಿಯ ಸಾಮಾನಿನ ಕೋಣೆಗೆ ಬದಲಾಯಿತು.

ಅತ್ತೆಯವರು ಬಂದರು. ಜೀವಮಾನವಿಡೀ ಕಚೇರಿಯಲ್ಲಿ ಟೈಪು ಮಾಡಿದವರು. ಮಂಡಿ ಕೈಕೊಟ್ಟಿತ್ತೇ ಹೊರತು ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಕುರ್ಚಿಯ ಕೈ ಮೇಲೆ ಅದೇನೋ ಅರ್ಜಿ ಟೈಪು ಮಾಡುತ್ತಿರುವವರಂತೆ ಟಕಟಕ ಅನ್ನುತ್ತಲೇ ಇರುತ್ತಿದ್ದವು. ಕಾಲು ಚಾಚಿ ಕೂತಿರಬೇಕು ಎಂಬ ವೈದ್ಯರ ಆಜ್ಞೆಯಿಂದ ಅವರಿಗೆ ಬೇಜಾರೋ ಬೇಜಾರು. ಹೀಗಾಗಿ ಮಹಡಿಯಿಂದ ಇಳಿದು ಬರುತ್ತಿದ್ದ ಅಳಿಯನ ಸಂಗೀತವನ್ನು ಆ ಮನೆಯಲ್ಲಿ ಗಮನವಿಟ್ಟು ಕೇಳಿದ ಮೊದಲ ಜೀವ ಅವರದೇ.

ಡಾಕ್ಟರು ಕೊಟ್ಟ ಮಾತಿಗೆ ತಪ್ಪುವವರಲ್ಲ. ತಪ್ಪದೆ ಇರುತ್ತಿದ್ದರೋ ಏನೋ, ಆದರೆ ಒಂದು ಬೆಳಿಗ್ಗೆ ಅವರು ರೋಗಿಯೊಬ್ಬರ ಕೆಳದವಡೆ ಹಲ್ಲು ಕಿತ್ತು, ಇಕ್ಕಳದಲ್ಲಿ ತಲೆಕೆಳಗಾಗಿ ಹಿಡಿದು ಬೆಳಕಿಗೆ ಒಡ್ಡಿದರು. ದುಂಡಗಿನ ಹಲ್ಲು ಕೆಳಗೆ, ಎರಡು ಬೇರು ಮೇಲಕ್ಕೆ ಕೊಂಬಿನಂತೆ. ಆ ಕೊಂಬುಗಳ ನಡುವೆ ಒಂದು ಕತ್ತು ಜೋಡಿಸಿದರೆ!

"ಗಿಟಾರ್ ಥರಾನೇ ಇದೆ ಅಲ್ವೇನ್ರೀ?" ಎಂದು ರೋಗಿಯನ್ನು ಕೇಳಿದರು.

"ಆಂ... ಆಂ..." ಎಂದರು ರೋಗಿ, ರಕ್ತ ಉಗುಳಲು ಬೋಗುಣಿ ಹುಡುಕುತ್ತ.

ತಜ್ಞರ ಅನುಮೋದನೆ ಸಿಕ್ಕಿತೆಂದುಕೊಂಡು ಡಾಕ್ಟರು ಔಷಧಿಯ ಚೀಟಿಯ ಬೆನ್ನ ಮೇಲೆ ನಕ್ಷೆ ಬರೆದೇ ಬಿಟ್ಟರು. ಹಲ್ಲಿನ ಡಾಕ್ಟರ ಕೈಯಲ್ಲಿ ಹಲ್ಲಿನಾಕಾರದ ಗಿಟಾರ್! ದಂತವೈದ್ಯರ ಸಂಘದ ವಾರ್ಷಿಕ ಕೂಟದಲ್ಲಿ ಅದನ್ನು ಕೊರಳಿಗೆ ಹಾಕಿಕೊಂಡು ವೇದಿಕೆ ಹತ್ತಿದರೆ, ನಾಲ್ಕು ಕಾರ್ಡಲ್ಲ, ಒಂದೇ ಕಾರ್ಡ್ ಬಂದರೂ ಸಾಕು. ಕೊಟ್ಟ ಮಾತಿಗೂ ಭಂಗವಿಲ್ಲ. ಹಳೆಯ ಗಿಟಾರಿನ ಕತ್ತು, ತಂತಿ, ಬಿರಡೆಗಳನ್ನೇ ಬಿಚ್ಚಿ ಹೊಸ ಒಡಲಿಗೆ ಜೋಡಿಸುವುದು. ಇದು ಹೊಸ ಗಿಟಾರ್ ಹೇಗಾಗುತ್ತದೆ? ಪುನರ್ಜನ್ಮ, ಅಷ್ಟೇ. (ಈ ವಾದವನ್ನು ಹೆಡ್‌ಮಿಸ್ ಮುಂದೆ ಮಂಡಿಸುವ ಧೈರ್ಯ ಮಾತ್ರ ಅವರಿಗಿರಲಿಲ್ಲ.)

ಹಿಂದಿನ ಬೀದಿಯಲ್ಲಿ ಬಡಗಿಯ ಅಂಗಡಿ. ಬಾಗಿಲು, ಮಂಚ, ಬೀರು ಮಾಡುವವನು. ನಕ್ಷೆಯನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದ.

"ಸಾರ್, ಇದು ಸ್ಟೂಲಾ? ಎರಡೇ ಕಾಲು ಇದೆ, ಬೀಳತ್ತೆ."

"ಗಿಟಾರ್ ಕಣಯ್ಯ."

"ಓಹೋ. ಡ್ರಾಯರ್ ಬೇಕಾ ಇದಕ್ಕೆ?"

"ಬೇಡ. ಮತ್ತೆ ನೋಡು, ಈ ವಿಷಯ ನಮ್ಮ ಮನೆಯವಳ ಕಿವಿಗೆ ಬೀಳಬಾರದು."

"ನಾನ್ಯಾಕೆ ಸಾರ್ ಹೇಳ್ಲಿ? ಮೇಡಂ ನಂಗೆ ಎರಡನೇ ಕ್ಲಾಸಲ್ಲಿ ಪಾಠ ಮಾಡಿದಾರೆ. ಅವರ ಎದುರಿಗೆ ಬಂದ್ರೇ ಮಾತು ಹೊರಡಲ್ಲ."

ದೊಡ್ಡ ಬಾಗಿಲೊಂದಕ್ಕೆ ತಂದು ಮಿಕ್ಕಿದ್ದ ತೇಗದ ಹಲಗೆ ಅವನ ಬಳಿ ಇತ್ತು. ಕೆಲಸ ಶುರುವಾಯಿತು. ಆದರೆ ಡಾಕ್ಟರು ಪ್ರತಿ ಸಂಜೆ ಹೋಗಿ ಬೇರಿನ ಬಾಗು, ಹಲ್ಲಿನ ಉಬ್ಬು ಸರಿಯಿದೆಯೇ ಎಂದು ನೋಡಬೇಕು. ಹೆಂಡತಿಯ ಲೆಕ್ಕದಲ್ಲಿ ಅದು ಅವರು ಮಹಡಿಯಲ್ಲಿ ಅಭ್ಯಾಸ ಮಾಡುವ ಹೊತ್ತು. ಸಾಲದ್ದಕ್ಕೆ ಹಳೆಯ ಗಿಟಾರಿನ ಕತ್ತು ಆಗಲೇ ಬಡಗಿಯ ಬೆಂಚಿನ ಮೇಲಿತ್ತು. ಅಭ್ಯಾಸಕ್ಕೆ ಉಳಿದದ್ದು ಅದರ ಮುಂಡ ಮಾತ್ರ.

ಇಲ್ಲಿ ಲೂಪರ್ ನೆರವಿಗೆ ಬಂತು. ಗಿಟಾರ್ ಬಿಚ್ಚುವ ಮುಂಚೆಯೇ ಡಾಕ್ಟರು ತಮ್ಮ ಅಭ್ಯಾಸವನ್ನು ಅದರಲ್ಲಿ ತುಂಬಿಸಿಟ್ಟಿದ್ದರು. ಕೇಳಿದವರಿಗೆ ಸಂಶಯ ಬರಬಾರದೆಂದು ನಡುವೆ ಒಂದು ಸಹಜವಾದ ಕೆಮ್ಮನ್ನೂ ಸೇರಿಸಿದ್ದರು. ಆ ಕೆಮ್ಮಿನ ಬಗ್ಗೆ ಅವರಿಗೆ ಸಂಗೀತಕ್ಕಿಂತ ಹೆಚ್ಚು ಹೆಮ್ಮೆ. ಸಂಜೆ ಮಹಡಿ ಹತ್ತುವುದು, ಒಳಗಿನ ಬಾಗಿಲಿಗೆ ಚಿಲಕ ಹಾಕುವುದು, ಲೂಪರ್ ಒತ್ತುವುದು, ತಾರಸಿಯ ಬಾಗಿಲಿಂದ ಹಿಂಬದಿಯ ಕಬ್ಬಿಣದ ಮೆಟ್ಟಿಲಿಳಿದು ಪರಾರಿ!

ಕೆಳಗೆ ಅತ್ತೆಯವರು ಕಿವಿಗೊಟ್ಟು ಕೂತಿರುತ್ತಿದ್ದರು.

"ಅಳಿಯಂದ್ರು ಈಚೆಗೆ ಸುಧಾರಿಸಿದಾರೆ ಕಣೇ. ಮೊದಲೆಲ್ಲ ಎಲ್ಲೆಲ್ಲೋ ತಪ್ಪೋರು. ಈಗ ಒಂದೇ ಜಾಗದಲ್ಲಿ ತಪ್ತಾರೆ."

"ಬಿಡಮ್ಮ, ಅದೂ ಒಂದು ಪ್ರಗತೀನೇ," ಎಂದು ಹೆಡ್‌ಮಿಸ್ ಉತ್ತರಪತ್ರಿಕೆ ತಿದ್ದುತ್ತ ಹೇಳುತ್ತಿದ್ದರು.

"ಆದ್ರೆ ಆ ಕೆಮ್ಮು ನೋಡೇ, ನಿಲ್ತಾನೇ ಇಲ್ಲ. ಮೊನ್ನೆಯಿಂದ ಕೇಳ್ತಿದೀನಿ."

ಹೆಡ್‌ಮಿಸ್ ಕೆಂಪು ಪೆನ್ನು ಕೆಳಗಿಟ್ಟು ಆಲಿಸಿದರು. ಹೌದು, ನಿಮಿಷಕ್ಕೊಂದು ಕೆಮ್ಮು. ಸಾಮಾನಿನ ಕೋಣೆಯ ಧೂಳು ಎದೆಗೆ ಇಳಿದಿರಬೇಕು. ಅವರನ್ನು ಅಲ್ಲಿಗೆ ಅಟ್ಟಿದ್ದು ತಾವೇ ಅಲ್ಲವೇ? ಬಿಸಿನೀರು, ಕೆಮ್ಮಿನ ಔಷಧಿ ಹಿಡಿದು ಮಹಡಿ ಹತ್ತಿ ಬಾಗಿಲು ಬಡಿದರು.

"ರೀ, ಬಾಗಿಲು ತೆಗೀರಿ. ಔಷಧಿ ತಂದಿದೀನಿ."

ಒಳಗೆ ಗಿಟಾರ್. ಕೆಮ್ಮು. ಗಿಟಾರ್.

"ರೀ! ಕೋಪನಾ? ಕೋಣೆ ಕಿತ್ಕೊಂಡಿದ್ದಕ್ಕೆ ಇಷ್ಟು ದಿನ ಆದ್ಮೇಲೆ ಕೋಪ ಬಂತಾ?"

ಗಿಟಾರ್. ಕೆಮ್ಮು. ಹೆಡ್‌ಮಿಸ್‌ಗೆ ಈಗ ನಿಜಕ್ಕೂ ಗಾಬರಿಯಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ತಾವು ಎರಡು ಸಲ ಕೂಗಿದ ಮೇಲೂ ಈ ಮನುಷ್ಯ ಉತ್ತರ ಕೊಡದೆ ಇದ್ದದ್ದು ಇದೇ ಮೊದಲು. ಏನೋ ಆಗಿದೆ. ಬಾಗಿಲು ಒಡೆಯಬೇಕು. ಒಡೆಯುವವರು ಯಾರು? ಬಡಗಿ!

ಅದೇ ಹೊತ್ತಿಗೆ ಬಡಗಿಯ ಅಂಗಡಿಯಲ್ಲಿ ಡಾಕ್ಟರು ಸಂಪೂರ್ಣಗೊಂಡ ಹಲ್ಲನ್ನು ಕೊರಳಿಗೆ ಹಾಕಿಕೊಂಡು ಕನ್ನಡಿಯ ಬಾಗಿಲಿನ ಬೀರುವಿನ ಮುಂದೆ ನಿಂತಿದ್ದರು. ಬಿಳಿ ಬಣ್ಣ ಫಳಫಳ ಹೊಳೆಯುತ್ತಿತ್ತು. ತೇಗದ ಭಾರಕ್ಕೆ ಹೆಗಲು ಕುಸಿಯುತ್ತಿದ್ದರೂ ಮುಖದಲ್ಲಿ ಕಳೆ. ಭಾರಕ್ಕೆ ಕಳಚಿ ಬೀಳಬಾರದೆಂದು ತರಿಸಿದ್ದ ಹೊಸ ನಮೂನೆಯ, ಬೀಗವಿರುವ ಹೆಗಲ ಪಟ್ಟಿ "ಕಟ್" ಎಂದು ಹಿಡಿದುಕೊಂಡಿತ್ತು. ಆಗಲೇ ಬಡಗಿಯ ಫೋನು ರಿಂಗಾಯಿತು. ಕೈಯೆಲ್ಲ ಅಂಟಾಗಿದ್ದರಿಂದ ಅವನು ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದ.

"ಬೇಗ ಬಾರಪ್ಪ, ಮಹಡಿ ಬಾಗಿಲು ಒಡೀಬೇಕು! ನಿಮ್ಮ ಡಾಕ್ಟ್ರು ಒಳಗಿದಾರೆ, ಕೂಗಿದ್ರೆ ಮಾತಾಡ್ತಿಲ್ಲ!"

ಬಡಗಿ ಡಾಕ್ಟರ ಮುಖ ನೋಡಿದ. ಡಾಕ್ಟರು ಎರಡೂ ಕೈ ಆಡಿಸಿದರು.

"ಒಳಗಿದಾರಾ ಮೇಡಂ? ಖಂಡಿತಾನಾ?"

"ಗಿಟಾರ್ ನುಡಿಸ್ತಾ ಇದಾರಪ್ಪ!"

"ಹಾಗಾದ್ರೆ ಚೆನ್ನಾಗಿದಾರೆ ಬಿಡಿ ಮೇಡಂ."

"ಎದುರುತ್ತರ ಕೊಡ್ತೀಯಾ? ಬಾ ಇಲ್ಲಿ!"

"ಬಂದೆ ಮಿಸ್!" ಎಂದು ಅವನು ಎರಡನೇ ಕ್ಲಾಸಿನ ದನಿಯಲ್ಲಿ ಹೇಳಿ, ಉಳಿ ಸುತ್ತಿಗೆ ಎತ್ತಿಕೊಂಡು ಓಡಿಯೇ ಬಿಟ್ಟ. "ನಿಧಾನಕ್ಕೆ ಹೋಗೋ!" ಎಂದು ಡಾಕ್ಟರು ಕೂಗಿದ್ದು ಅವನಿಗೆ ಕೇಳಿಸಲಿಲ್ಲ.

ಡಾಕ್ಟರು ಗಿಟಾರ್ ಕಳಚಿಡಲು ನೋಡಿದರು. ಬೀಗದ ಪಟ್ಟಿ ಬಿಡಲಿಲ್ಲ. ತಲೆಯ ಮೇಲಿಂದ ತೆಗೆಯಲು ಹೋದರೆ ಒಂದು ಬೇರು ಅಂಗಿಯ ಕಾಲರಿಗೆ ಸಿಕ್ಕಿಕೊಂಡಿತು. ಬೇರೆ ದಾರಿಯಿಲ್ಲದೆ ಹಲ್ಲು ಸಮೇತ ಬೀದಿಗಿಳಿದರು. ಎದುರಾದ ಅವರದೇ ರೋಗಿಯೊಬ್ಬರು ಭಯಭಕ್ತಿಯಿಂದ ಪಕ್ಕಕ್ಕೆ ಸರಿದು, "ಯಾರದ್ದು ಡಾಕ್ಟ್ರೇ ಇಷ್ಟು ದೊಡ್ಡದು?" ಎಂದು ಕೇಳಿದರು.

ಏದುಸಿರು ಬಿಡುತ್ತ ಕಬ್ಬಿಣದ ಮೆಟ್ಟಿಲು ಹತ್ತಿ ಅವರು ತಾರಸಿಯ ಬಾಗಿಲಿಂದ ಒಳಗೆ ಕಾಲಿಟ್ಟದ್ದೂ, ಬಡಗಿ ಚಿಲಕ ಕಿತ್ತು ಒಳಬಾಗಿಲು ನೂಕಿದ್ದೂ ಒಂದೇ ಆಯಿತು. ಆ ಕಡೆ ಬಿಸಿನೀರಿನ ಲೋಟ ಹಿಡಿದ ಹೆಡ್‌ಮಿಸ್. ಅವರ ಹಿಂದೆ, ಮಂಡಿ ಆಪರೇಷನ್ನನ್ನೇ ಮರೆತು ಮೆಟ್ಟಿಲು ಹತ್ತಿ ಬಂದಿದ್ದ ಅತ್ತೆಯವರು. ಈ ಕಡೆ ಎದೆಯ ಮೇಲೆ ರಾಕ್ಷಸಾಕಾರದ ದವಡೆ ಹಲ್ಲು ಹೊತ್ತ ಡಾಕ್ಟರು. ನಡುವೆ, ನೆಲದ ಮೇಲೆ, ಲೂಪರ್ ತನ್ನ ಪಾಡಿಗೆ ನುಡಿಸುತ್ತಿತ್ತು. ಡಾಕ್ಟರು ಬಾಯಿ ಬಿಗಿಯಾಗಿ ಮುಚ್ಚಿಕೊಂಡಿರುವಾಗಲೇ ಅವರ ಕೆಮ್ಮು ಸ್ಪಷ್ಟವಾಗಿ ಕೇಳಿಸಿತು.

ಹೆಡ್‌ಮಿಸ್ ಪೆಟ್ಟಿಗೆ ನೋಡಿದರು, ಗಂಡನನ್ನು ನೋಡಿದರು. ಔಷಧಿಯ ಮುಚ್ಚಳ ತೆಗೆದು ಪೆಟ್ಟಿಗೆಯ ಮುಂದೆ ಇಟ್ಟು, "ಕುಡಿ," ಎಂದರು.

ಬಡಗಿ ತಲೆ ತಗ್ಗಿಸಿದ. ಡಾಕ್ಟರು ಪುನರ್ಜನ್ಮದ ವಾದವನ್ನು ಅಲ್ಲೇ ಕೈಬಿಟ್ಟು, ಕಾಲಲ್ಲಿ ಲೂಪರ್ ಒತ್ತಿ ನಿಲ್ಲಿಸಿದರು. ಮನೆ ಹೊತ್ತಿ ಉರಿಯಬೇಕಿದ್ದ ಆ ಕ್ಷಣದಲ್ಲಿ ಅತ್ತೆಯವರು ಹಳೆಯ ಕುರ್ಚಿಯೊಂದರಲ್ಲಿ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಂಡಿ ನೋವಿಗೆ "ಅಯ್ಯೋ" ಅನ್ನುವುದು, ಮತ್ತೆ ನಗುವುದು. ಹೆಡ್‌ಮಿಸ್ ಎಷ್ಟು ಹೊತ್ತು ಗಂಟುಮುಖ ಹಾಕಿಕೊಂಡಾರು? ಅವರ ತುಟಿಯ ಕೊನೆಯೂ ಅದುರಿತು.

"ಅದನ್ನ ಇಲ್ಲಿ ಕೊಡಿ ನೋಡೋಣ ಅಳಿಯಂದ್ರೇ," ಎಂದರು ಅತ್ತೆಯವರು.

ಬಡಗಿ ಉಳಿಯ ತುದಿ ಹಾಕಿ ಪಟ್ಟಿ ಬಿಡಿಸಿದ. ನಿಂತವರ ಹೆಗಲು ಮುರಿಯುತ್ತಿದ್ದ ಆ ಹಲ್ಲು, ಕೂತವರ ತೊಡೆಯ ಮೇಲೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅತ್ತೆಯವರು ತಂತಿಗಳ ಮೇಲೆ ಬೆರಳಿಟ್ಟರು.

"ನೀವು ತಪ್ತೀರಲ್ಲ, ಆ ಜಾಗ ಯಾವುದು?"

ಡಾಕ್ಟರು ತಮ್ಮ ನಾಲ್ಕನೆಯ ಕಾರ್ಡನ್ನು ತೋರಿಸಿದರು. ಅತ್ತೆಯವರು ಅದನ್ನು ಮೂರನೇ ಪ್ರಯತ್ನಕ್ಕೇ ಹಿಡಿದರು. ಡಾಕ್ಟರ ಮುಖ ನೋಡಲಾಗುತ್ತಿರಲಿಲ್ಲ.

ಅಲ್ಲಿಂದ ಮುಂದೆ ಆ ಮನೆಯ ಚಿತ್ರವೇ ಬದಲಾಯಿತು. ಟೈಪಿಂಗಿನ ಬೆರಳುಗಳಿಗೆ ಗಿಟಾರ್ ಯಾವ ಲೆಕ್ಕ? ಅತ್ತೆಯವರು ಫೋನು ನೋಡಿಕೊಂಡೇ ಕಲಿತರು. ಅಳಿಯ ಹೆಸರೇ ಕೇಳಿರದ ಕಾರ್ಡುಗಳನ್ನು ಹಿಡಿದರು. "ಶ್! ಅಮ್ಮ ಅಭ್ಯಾಸ ಮಾಡ್ತಿದಾರೆ, ಮೇಲೆ ಹೋಗಿ," ಎಂದು ಹೆಡ್‌ಮಿಸ್ ಗಂಡನನ್ನು ಅಟ್ಟುತ್ತಿದ್ದರು. ಸಂಘದ ವಾರ್ಷಿಕ ಕೂಟದಲ್ಲಿ ಹಲ್ಲಿನ ಗಿಟಾರ್ ವೇದಿಕೆ ಏರಿತು, ಚಪ್ಪಾಳೆ ಗಿಟ್ಟಿಸಿತು. ನುಡಿಸಿದ್ದು ಅತ್ತೆಯವರು. ಅದನ್ನು ವೇದಿಕೆಗೆ ಹೊತ್ತು ತಂದದ್ದು ಡಾಕ್ಟರು.

ಮಂಡಿ ವಾಸಿಯಾಯಿತು, ಹುಚ್ಚು ಹತ್ತಿತು. ಒಂದು ಸಂಜೆ ಅತ್ತೆಯವರು ಅಳಿಯನನ್ನು ಹತ್ತಿರ ಕರೆದು, ಮಗಳು ಅಡುಗೆಮನೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, ಫೋನು ತೋರಿಸಿದರು. ಗಾಜಿನಂತೆ ಪಾರದರ್ಶಕವಾದ ಗಿಟಾರ್. ನುಡಿಸಿದಾಗ ಒಳಗೆ ನೀಲಿ ದೀಪ ಹತ್ತುತ್ತದೆ.

"ನಂಗೆ ತರಿಸಿಕೊಡಿ. ಕ್ಲಿನಿಕ್ ವಿಳಾಸಕ್ಕೆ ಹಾಕಿ. ಅವಳಿಗೆ ಹೇಳ್ಬೇಡಿ, ಬೈತಾಳೆ."

ಡಾಕ್ಟರ ಎದೆ ತುಂಬಿ ಬಂತು. ಈ ಮನೆಯಲ್ಲಿ ತಮ್ಮ ಕುಲದವರೊಬ್ಬರು ಕೊನೆಗೂ ಸಿಕ್ಕರಲ್ಲ! ತಮ್ಮ ಹೆಸರಲ್ಲೇ ತರಿಸಿದರು. ಆದರೆ ಪಾರ್ಸಲ್ ತರುವವನು ಮಹಾ ಕರ್ತವ್ಯನಿಷ್ಠ. ಕ್ಲಿನಿಕ್ಕಿಗೆ ರಜೆ ಇದ್ದದ್ದನ್ನು ಕಂಡು, ವಿಚಾರಿಸಿಕೊಂಡು, ನೇರವಾಗಿ ಮನೆಗೇ ತಂದ. ಬಾಗಿಲು ತೆರೆದವರು ಹೆಡ್‌ಮಿಸ್.

"ಏನ್ರೀ ಇದು? ಇಷ್ಟೆಲ್ಲಾ ಆದ್ಮೇಲೂ?"

"ನಂದಲ್ಲ ಕಣೇ! ಅತ್ತೆ..."

"ಥೂ! ಮಂಡಿ ನೋವಲ್ಲಿ ನರಳಿದ ಹಿರಿಯರ ಮೇಲೆ ಹಾಕ್ತೀರಲ್ಲ, ನಾಚ್ಕೆ ಆಗಲ್ವಾ?"

ಡಾಕ್ಟರು ಆಸೆಗಣ್ಣಿಂದ ಅತ್ತೆಯವರ ಕಡೆ ತಿರುಗಿದರು. ಅತ್ತೆಯವರು ತಂತಿಯ ಮೇಲಿಂದ ಕೈ ತೆಗೆದು, ಒಂದು ನಿಟ್ಟುಸಿರು ಬಿಟ್ಟರು.

"ಹೋಗ್ಲಿ ಬಿಡೇ. ಪಾಪ, ಏನೋ ಆಸೆಪಟ್ಟು ತರಿಸ್ಬಿಟ್ಟಿದಾರೆ. ವಾಪಸ್ ಕಳಿಸಿದ್ರೆ ನೊಂದ್ಕೋತಾರೆ. ಕೊಡು ಇಲ್ಲಿ, ಅವರಿಗೋಸ್ಕರ ನಾನೇ ನುಡಿಸ್ತೀನಿ."

"ನೀನು ಅವರನ್ನ ತಲೆ ಮೇಲೆ ಕೂರಿಸ್ಕೋಬೇಡಮ್ಮ," ಎಂದು ಗೊಣಗುತ್ತ ಹೆಡ್‌ಮಿಸ್ ಪೆಟ್ಟಿಗೆ ಬಿಚ್ಚಿ, ಹಲ್ಲನ್ನು ಪಕ್ಕಕ್ಕಿಟ್ಟು, ಹೊಸ ಗಿಟಾರನ್ನು ಅಮ್ಮನ ತೊಡೆಯ ಮೇಲಿಟ್ಟರು.

ಅತ್ತೆಯವರು ಒಮ್ಮೆ ಮೀಟಿದರು. ದೀಪ ಹತ್ತಲಿಲ್ಲ.

"ಅಳಿಯಂದ್ರೇ," ಎಂದರು ಬಹಳ ಪ್ರೀತಿಯಿಂದ, "ಸ್ವಲ್ಪ ಪ್ಲಗ್ ಹಾಕ್ತೀರಾ?"

ಡಾಕ್ಟರು ನೆಲಕ್ಕೆ ಮಂಡಿಯೂರಿ ಸೋಫಾದ ಹಿಂದೆ ಕೈ ತೂರಿಸಿದರು.