ರಾತ್ರಿಗೆ ನಮ್ಮ ಮಾವ ಇಟ್ಟ ಹೆಸರು

ಒಂದು ಭಾಷೆಯನ್ನು ಜಗತ್ತಿನಲ್ಲಿ ಒಬ್ಬನೇ ಒಬ್ಬ ಮಾತಾಡುತ್ತಾನೆ, ಅವನೂ ತಪ್ಪುತಪ್ಪಾಗಿ ಮಾತಾಡುತ್ತಾನೆ ಎಂದರೆ ನಂಬುತ್ತೀರಾ? ನಂಬಲೇಬೇಕು. ಆತ ನನ್ನ ಸೋದರಮಾವ! ವಾಸ ಹೊಸೂರಿನ ಮತ್ತಿಗಿರಿ, ಹೊಟ್ಟೆಪಾಡಿಗೆ ಕಾರ್ಖಾನೆ, ಮಿಕ್ಕ ಹೊತ್ತೆಲ್ಲ ಭಾಷೆ ಕಟ್ಟುವ ಕೆಲಸ.

ಮನೆಯ ಕನ್ನಡ, ಅತ್ತೆಯ ತವರಿನ ತೆಲುಗು, ಕಾರ್ಖಾನೆಯ ತಮಿಳು ಮೂರೂ ಸಲೀಸಾಗಿ ಬರುವವನಿಗೆ ನಾಲ್ಕನೆಯದು ಯಾಕೆ? ಕೇಳಿದರೆ, "ಇಲ್ಲಿ ನನ್ನ ಕನ್ನಡದೋನು ಅಂತಾರೆ, ಬೆಂಗ್ಳೂರಿಗೋದ್ರೆ ತಮಿಳ್ನೋನು ಅಂತಾರೆ. ನಂದೇ ಅಂತ ಒಂದಿರ್ಲಿ ಬುಡ್ಲಾ" ಎನ್ನುತ್ತಿದ್ದ.

ಅತ್ತೆಯ ಚಿಂತೆಯೇ ಬೇರೆ. "ಮೂರು ಭಾಷೇಲಿ ಬೈದ್ರೂ ಇವ್ರಿಗೆ ನಾಟಾಕಿಲ್ಲ. ಇನ್ನ ನಾಲ್ಕನೇದ್ರಾಗೆ ಬೈಯೋದ ಎಲ್ಲೋಗಿ ಕಲೀಲಿ?"

ವ್ಯಾಕರಣದ ಗೊಡವೆ ಮಾವನಿಗಿರಲಿಲ್ಲ. ಟೀಗೆ 'ಸುರ್ರು' ಎಂದು ಹೆಸರಿಟ್ಟ. ಸೂಪರ್‌ವೈಸರಿಗೆ ಇಟ್ಟದ್ದನ್ನು ಇಲ್ಲಿ ಬರೆಯುವಂತಿಲ್ಲ! ರಾತ್ರಿಗೆ 'ಗಜ್ಜೂಂ'. ಅದೇಕೆ? ದೀಪ ಆರಿಸಿದ ಮೇಲೆ ಅವರ ಮನೆಯ ಫ್ರಿಜ್ಜು ಹಾಗೆ ಅನ್ನುತ್ತದಂತೆ!

ಒಮ್ಮೆ ಸಾನಮಾವಿನಲ್ಲಿ ನೆಂಟರ ಮನೆಯ ನಾಮಕರಣ. ಕಾಡಂಚಿನ ಊರು, ರಾಗಿ ತೆನೆಗಟ್ಟಿದ ಕಾಲ. ಹೊತ್ತು ಮುಳುಗುವುದರೊಳಗೆ ಹೊರಡಬೇಕೆಂದು ಮಾವನ ಆತುರ, ಹೆಂಗಸರ ಮಾತು ಮುಗಿಯುತ್ತಿಲ್ಲ. ಅಂಗಳಕ್ಕಿಳಿದು ಆಕಾಶ ನೋಡಿದವನೇ ಎರಡೂ ಕೈಯೆತ್ತಿ, "ಗಜ್ಜೂಂ ಬಂತು! ಗಜ್ಜೂಂ ಬಂತು!" ಎಂದು ಕೂಗಿದ.

ಅಷ್ಟೇ ಸಾಕಾಯಿತು! ಒಂದು ಮನೆಯಿಂದ ತಮಟೆ ಹೊರಟಿತು, ಇನ್ನೊಂದರಿಂದ ಪಟಾಕಿ. ಗಂಡಸರೆಲ್ಲ ಟಾರ್ಚು ಹಿಡಿದು ಹೊಲಕ್ಕೆ ಓಡಿದರು. ನಾಮಕರಣದ ಕೂಸು ಬೆಚ್ಚಿ ಕಿರುಚತೊಡಗಿತು. ಏದುಸಿರು ಬಿಡುತ್ತ ವಾಪಸು ಬಂದ ಹಿರಿಯರೊಬ್ಬರು, "ಎಲ್ಲಯ್ಯ ಆನೆ?" ಎಂದರು.

"ಆನೆ ಅಂದೋರ್ಯಾರು? ನಾನು ರಾತ್ರಿ ಅಂದೆ!"

ಆ ಸಂಜೆ ನಮ್ಮನ್ನು ಊಟಕ್ಕೂ ನಿಲ್ಲಿಸಿಕೊಳ್ಳಲಿಲ್ಲ. ಅತ್ತೆ ದಾರಿಯುದ್ದಕ್ಕೂ ಮಾತಾಡಲಿಲ್ಲ, ಯಾವ ಭಾಷೆಯಲ್ಲೂ. ಮತ್ತಿಗಿರಿ ತಲುಪುವಷ್ಟರಲ್ಲಿ 'ಗಜ್ಜೂಂ' ರದ್ದಾಗಿತ್ತು.

ಬೇರೆ ಪದದ ಹುಡುಕಾಟ ನಡೆದಿರುವಾಗಲೇ ಮಾವನ ತಾಯಿಗೆ, ಅಂದರೆ ನಮ್ಮ ಅಜ್ಜಿಗೆ, ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಅಜ್ಜಿ ಮನೆಗೆ ಬಂದಳು, ಮಾತು ಬರಲಿಲ್ಲ. ಒಂದು ಸಂಜೆ ಕಿಟಕಿಯತ್ತ ಕೈ ಮಾಡಿ, "ನಿಯ್ಯಾ... ನಿಯ್ಯಾ" ಎಂದಳು. ನೀರಾ? ನೋವಾ? ನಿದ್ದೆಯಾ? ನಾವು ಕೇಳಿದಷ್ಟೂ ಅವಳಿಗೆ ಸಿಟ್ಟು. ಕೊನೆಗೆ ಅತ್ತೇಬಿಟ್ಟಳು.

ಮಾವ ಬಂದು ಮಂಚದ ಅಂಚಿಗೆ ಕೂತ. ಕಿಟಕಿಯಾಚೆ ನೋಡಿದ. "ಹೂಂ ಕಣವ್ವ, ನಿಯ್ಯಾ ಆಯ್ತು. ಚೆಂದಾಗೈತೆ" ಎಂದ. ಅಜ್ಜಿ ಅಳು ನಿಲ್ಲಿಸಿ ಅವನನ್ನೇ ನೋಡಿದಳು. ಆಮೇಲೆ ಅರ್ಧ ಬಾಯಲ್ಲೇ ನಕ್ಕಳು. ಕಾಯಿಲೆ ಬಿದ್ದ ಮೇಲೆ ಅದೇ ಮೊದಲು.

ಅವಳು ಮಲಗಿದ ಮೇಲೆ ಹೊರಗೆ ಬಂದು ಕೇಳಿದೆ: "ಮಾವ, ಅಜ್ಜಿ ಅಂದಿದ್ದು ರಾತ್ರಿ ಅಂತಾನೇನಾ?"

"ನಂಗೇನ್ಲಾ ಗೊತ್ತು?" ಎಂದ ಮಾವ, ಕಣ್ಣೊರೆಸಿಕೊಳ್ಳುತ್ತ. "ಅವ್ವ ಒಬ್ಳೇ ಮಾತಾಡ್ಕಂಡಿರೋದ ನೋಡಕ್ಕಾಗ್ಲಿಲ್ಲ."